ಮಾರಾಟವಾದ ಚೀಲಗಳು ಅಂಗಡಿಯಲ್ಲೇ ಉಳಿದ ಕುರಿತು

ಸಿದ್ದಾಪುರದಲ್ಲಿ ರಸಗೊಬ್ಬರದ ಚಿಲ್ಲರೆ ಅಂಗಡಿ ನಡೆಸುತ್ತಿರುವ ನಾನು, ನನ್ನ ಪರವಾನಗಿಯ ನವೀಕರಣದ ಸಮಯದಲ್ಲಿ ನಡೆದ ಸಂಗತಿಯೊಂದನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ. ಇದುವರೆಗೆ ನಾನು ಬರೆದಿರುವುದು ಇಲಾಖೆಗೆ ಸಲ್ಲಿಸುವ ಅರ್ಜಿ ಮತ್ತು ವಿವರಣೆಗಳನ್ನು ಮಾತ್ರ. ಭಾಷೆ ಎಲ್ಲಿಯಾದರೂ ಬಿಗಿಯಾಗಿ ಕಂಡರೆ ಮನ್ನಿಸಬೇಕಾಗಿ ಕೋರುತ್ತೇನೆ.

ಗೊಬ್ಬರದ ಪರವಾನಗಿಯನ್ನು ಮಾರುವ ವ್ಯಕ್ತಿಗೆ ಮಾತ್ರವಲ್ಲ, ದಾಸ್ತಾನು ಇಡುವ ಕೋಣೆಗೂ ಸೇರಿಸಿ ಕೊಡುತ್ತಾರೆ. ಬೆಲೆಯ ಬಹುಪಾಲನ್ನು ಸರ್ಕಾರ ಭರಿಸುವುದರಿಂದ, ಕೊಳ್ಳುವವರು ಯಂತ್ರದ ಮೇಲೆ ಹೆಬ್ಬೆರಳು ಒತ್ತಿದ ನಂತರವೇ ಚೀಲ ಮಾರಾಟವಾದಂತೆ ದಾಖಲಾಗುತ್ತದೆ. ಯಂತ್ರ ತೋರಿಸುವ ದಾಸ್ತಾನು, ಬಾಗಿಲಿನ ಫಲಕದಲ್ಲಿ ಬರೆದದ್ದು, ಕೋಣೆಯಲ್ಲಿ ಇರುವುದು, ಇವೆಲ್ಲ ಒಂದಕ್ಕೊಂದು ಹೊಂದಬೇಕು. ಮಾರಾಟಗಾರರ ತರಬೇತಿಯಲ್ಲಿ ಇದನ್ನೆಲ್ಲ ಕಲಿತು, ಪರೀಕ್ಷೆ ಬರೆದು ಪಾಸಾದವಳು ನಾನು.

ಆದಾಗ್ಯೂ ನಮ್ಮ ಕಡೆಯ ಒಂದು ರೂಢಿ ಆ ಪಾಠದಲ್ಲಿ ಇರಲಿಲ್ಲ. ಮುಂದೆ ಸಿಗುತ್ತದೋ ಇಲ್ಲವೋ ಎಂದು ಜನ ಮಳೆಗಾಲಕ್ಕೆ ಮೊದಲೇ ಗೊಬ್ಬರ ಕೊಳ್ಳುತ್ತಾರೆ. ಆದರೆ ತೋಟಕ್ಕೆ ಹಾಕುವುದು ಮಳೆಯ ಹೊಡೆತ ಇಳಿದ ಮೇಲೆ. ಅಷ್ಟರೊಳಗೆ ಮನೆಯ ತೇವಕ್ಕೆ ಯೂರಿಯಾ ಕಲ್ಲಿನಂತೆ ಗಟ್ಟಿಯಾಗುತ್ತದೆ. ನನ್ನ ಕೋಣೆಯಲ್ಲಿ ನೆಲದ ಮೇಲೆ ಹಲಗೆ ಹಾಸಿದ್ದರಿಂದ ಚೀಲಗಳು ಒಣಗಿಯೇ ಇರುತ್ತವೆ. ಹೀಗಾಗಿ ಹೆಬ್ಬೆರಳು ಒತ್ತಿದವರು ಚೀಲದ ಮೇಲೆ ತಮ್ಮ ಮನೆಯ ಗುರುತು ಬರೆದು ಅಲ್ಲಿಯೇ ಬಿಟ್ಟು ಹೋಗುತ್ತಿದ್ದರು. ಶಿರಸಿಯ ಮಾರುಕಟ್ಟೆಗೆ ಕಳಿಸುವ ಅಡಿಕೆ ಚೀಲದ ಮೇಲೆ ಕೆಂಪು ಬಣ್ಣದಲ್ಲಿ ಬರೆಯುವ ಗುರುತೇ ಅದು: ಒಬ್ಬರದು ಶಂಖ, ಇನ್ನೊಬ್ಬರದು ವೀಳ್ಯದೆಲೆ. ಬಸ್ಸಿಗೆ ಹೋಗುವವರ ಚೀಲವನ್ನು ಸ್ವಲ್ಪ ಹೊತ್ತು ನೋಡಿಕೊಂಡಂತೆ ಎಂದು ನಾನು ಭಾವಿಸಿದ್ದೆ.

ತಪಾಸಣೆಗೆ ಬಂದ ಕೃಷಿ ಅಧಿಕಾರಿಗಳು ಹಾವೇರಿ ಕಡೆಯವರು. ಅವರು ಯಂತ್ರ ನೋಡಿದರು, ಕೋಣೆ ನೋಡಿದರು, ಮತ್ತೆ ಯಂತ್ರ ನೋಡಿದರು.

“ಏನ್ರಿ ಅಕ್ಕಾರ, ಮಷೀನಿನ್ಯಾಗ ಯೂರಿಯಾ ಖಾಲಿ. ಕೋಣ್ಯಾಗ ಸೂರಿನ ತನಕ ತುಂಬೇತಿ. ಇದ್ಯಾವ ಲೆಕ್ಕ ರಿ?”

ಮಾರಿಯಾಗಿದೆ, ಅವರು ಬಿಟ್ಟು ಹೋಗಿದ್ದಾರೆ ಎಂದೆ. ಹೇಳುವಾಗಲೇ ನನಗೆ ಅದು ಸುಳ್ಳಿನಂತೆ ಕೇಳಿಸಿತು.

“ಹಿಂಗ ಸುಳ್ಳು ಮಾರಾಟ ತೋರಿಸಿ, ಯೂರಿಯಾನ ಅಂಟು ಮಾಡಾಕ ಪ್ಲೈವುಡ್ ಫ್ಯಾಕ್ಟರಿಗೆ ಸಾಗಿಸೋರನ್ನ ನಾವು ಹಿಡಿದೇವ್ರಿ. ನೀವು ಹಂಗ ಅಂತ ನಾ ಅನ್ನಂಗಿಲ್ಲ. ಆದ್ರ ಕೊಂಡವರೆಲ್ಲ ಸಂಜಿ ಒಳಗ ಬಂದು ತಮ್ಮ ಮಾಲು ತೋರಿಸ್ಲಿ. ಇಲ್ಲಂದ್ರ ನವೀಕರಣಕ್ಕ ನಾ ಶಿಫಾರಸು ಬರಿಯಂಗಿಲ್ಲ.”

ಪರವಾನಗಿ ಇಲ್ಲವೆಂದರೆ ಅಂಗಡಿ ಇಲ್ಲ. ನನಗೆ ಬೇರೆ ಸಂಪಾದನೆಯೂ ಇಲ್ಲ. ಕೊಂಡವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡತೊಡಗಿದೆ.

ಮೊದಲು ಬಂದವರು ಬಿಳಗಿಯ ರೈತರೊಬ್ಬರು. ಗದ್ದೆಯ ಕೆಸರು ಕಾಲಿನಲ್ಲಿತ್ತು. “ಎಂತ ಸಾರ್, ನಮ್ಮ ಅಕ್ಕನ್ನ ಕಳ್ಳಿ ಮಾಡಿದ್ರಾ?” ಎನ್ನುತ್ತ ನೇರವಾಗಿ ಒಳಗೆ ಹೋಗಿ, ವೀಳ್ಯದೆಲೆಯ ಗುರುತಿನ ಚೀಲಗಳನ್ನು ತಟ್ಟಿ ತೋರಿಸಿದರು. ನಂತರ ಒಬ್ಬೊಬ್ಬರಾಗಿ ಉಳಿದವರೂ ಬಂದರು. ಮಧ್ಯಾಹ್ನ ಕಳೆದಾಗ ಶಂಖದ ಗುರುತಿನ ರಾಶಿಯೊಂದೇ ಉಳಿಯಿತು. ಅದು ತ್ಯಾಗಲಿಯ ಹಿರಿಯ ಹೆಂಗಸೊಬ್ಬರದು. ಅವರು ಯಲ್ಲಾಪುರಕ್ಕೆ ಮದುವೆಗೆ ಹೋಗಿದ್ದರು. ಫೋನಿನಲ್ಲಿ ನನ್ನ ಮಾತು ಪೂರ್ತಿ ಕೇಳದೆಯೇ ಇಟ್ಟಿದ್ದರು.

ಅಧಿಕಾರಿಗಳು ಎರಡು ಸಲ ಗಡಿಯಾರ ನೋಡಿದರು. ಜೀಪಿನ ಚಾಲಕ ಗಾಡಿ ತಿರುಗಿಸಿ ನಿಲ್ಲಿಸಿದ. ಅದೇ ಹೊತ್ತಿಗೆ ರೇಷ್ಮೆ ಸೀರೆ ಉಟ್ಟ ಅವರು ಬಸ್ ನಿಲ್ದಾಣದ ಕಡೆಯಿಂದ ಏದುಸಿರು ಬಿಡುತ್ತ ಬಂದರು.

“ಎಂತ ತಂಗಿ, ಹೋಳಿಗೆ ಬಡಿಸೋ ಹೊತ್ತಿಗೆ ಫೋನ್ ಮಾಡ್ತೆ! ಎಲೆ ಬಿಟ್ಟು ಎದ್ದು ಬೈಂದಿ. ಎಲ್ಲಿದ್ದ ನಿನ್ನ ಸಾಹೇಬ?”

“ಇಲ್ಲೇ ಅದೀನ್ರಿ ಅಮ್ಮಾರ. ಈ ಚೀಲ ನಿಮ್ಮವೇನ್ರಿ?”

“ಮತ್ತೆ? ಶಂಖ ಕಾಣ್ತಿಲ್ಯ? ಶಿರಸಿ ಹಮಾಲರಿಗೆಲ್ಲ ಗೊತ್ತಿದ್ದು, ನಿಂಗೊಬ್ಬಂಗೆ ಗೊತ್ತಿಲ್ಲೆ.”

“ನನಗ ಶಂಖ ಸಾಲಂಗಿಲ್ರಿ. ಹೆಬ್ಬಟ್ಟು ನೀವ ಒತ್ತಿದ್ರೇನು?”

“ಆನೇ ಒತ್ತಿದ್ದು. ಅಡಕೆ ಸುಲಿದು ಸುಲಿದು ಬೆರಳಿನ ಗೆರೆನೇ ಸವೆದು ಹೋಯ್ದು. ಮಷೀನು ಹಿಡಿತೇ ಇಲ್ಲೆ. ಈ ಅಂಗಡಿ ಕೂಸು ಬೆರಳು ಒರೆಸಿ ಒರೆಸಿ ಒತ್ತಿಸಿದ್ದು. ನಂಬಿಕೆ ಇಲ್ಲೆ ಅಂದ್ರೆ ಇನ್ನೊಂದು ಚೀಲ ಕೊಡು ತಂಗಿ. ಇವನ ಎದುರೇ ಒತ್ತಿ ತೋರಸ್ತಿ.”

ಆ ದಿನ ಬೆಳಿಗ್ಗೆಯಷ್ಟೇ ಇಳಿಸಿದ್ದ ಪೊಟ್ಯಾಷ್ ಒಂದಿಷ್ಟು ಹೊರಗಿನ ಮೂಲೆಯಲ್ಲಿತ್ತು. ಅದರ ಒಂದು ಚೀಲಕ್ಕೆ ಯಂತ್ರ ಸಿದ್ಧಪಡಿಸಿದೆ. ಅವರು ಬೆರಳು ಒತ್ತಿದರು. ಯಂತ್ರ ನಿರಾಕರಿಸಿತು. ಸೆರಗಿಗೆ ಒರೆಸಿ ಮತ್ತೆ ಒತ್ತಿದರು. ಮತ್ತೆ ನಿರಾಕರಿಸಿತು. ಅಧಿಕಾರಿಗಳೇ ಮುಂದೆ ಬಂದು ಅವರ ಬೆರಳನ್ನು ಹಿಡಿದು, ಸ್ವಲ್ಪ ಓರೆಯಾಗಿಟ್ಟು ಮೆಲ್ಲಗೆ ಅದುಮಿದರು. ಹಸಿರು ದೀಪ ಬಂತು. ತೆರೆಯ ಮೇಲೆ ಮೂಡಿದ ಹೆಸರೂ ಹಿಂದಿನ ಮಾರಾಟದ ಹೆಸರೂ ಒಂದೇ ಎಂಬುದನ್ನು ಅವರು ಬೆರಳಿಟ್ಟು ಓದಿದರು.

“ಆತ್ರಿ ಅಮ್ಮಾರ. ಇದನ್ನಾದ್ರೂ ಮನಿಗೆ ಒಯ್ರಿ.”

ಅಲ್ಲಿದ್ದವರೆಲ್ಲ ನಕ್ಕರು. ನನಗೆ ಮಾತ್ರ ನಗುವ ಧೈರ್ಯ ಬರಲಿಲ್ಲ, ಏಕೆಂದರೆ ಅಧಿಕಾರಿಗಳು ಇನ್ನೂ ಪೆನ್ನು ತೆಗೆದಿರಲಿಲ್ಲ.

“ಅಕ್ಕಾರ, ನೀವು ಸುಳ್ಳು ಮಾರಾಟ ತೋರಿಸಿಲ್ಲ. ಆದ್ರ ಮಾರಿದ್ದು ಈ ಕೋಣ್ಯಾಗ ಇರಬಾರದ್ರಿ. ನಾಳೆ ನನ್ನ ಜಾಗಾಕ್ಕ ಇನ್ನೊಬ್ಬರು ಬಂದ್ರ, ಇವರನ್ನೆಲ್ಲ ಮತ್ತ ಮದವಿ ಮನಿಯಿಂದ ಎಬ್ಬಿಸ್ತೀರೇನು?”

ಆಗ ಬಿಳಗಿಯ ಆ ರೈತರು ಪಕ್ಕದ ಕಟ್ಟಡದತ್ತ ಕೈ ತೋರಿಸಿದರು. ಅದು ಮುಚ್ಚಿಹೋದ ಹಿಟ್ಟಿನ ಗಿರಣಿ. ಒಳಗೆ ಒಣ ನೆಲ, ಎತ್ತರದ ಕಟ್ಟೆ. “ಬಾಡಿಗೆ ನಾವೇ ಹಂಚ್ಕಳ್ತೇವೆ. ನಮ್ಮ ಗೊಬ್ಬರದ ಹೊರೆ ಅಕ್ಕಂಗೆ ಎಂತಕ್ಕೆ?”

“ಛಲೋ ಆತು. ಆದ್ರ ಕೀಲಿ ಅಕ್ಕಾರ ಕಡೆ ಇರಬಾರದು ನೋಡ್ರಿ,” ಎಂದರು ಅಧಿಕಾರಿಗಳು.

ಗಿರಣಿಯ ಮಾಲೀಕರು ಅಂದೇ ಒಪ್ಪಿದರು. ಕತ್ತಲಾಗುವ ಮೊದಲೇ ಚೀಲಗಳೆಲ್ಲ ಗಿರಣಿಗೆ ಸಾಗಿದವು. ನನ್ನ ಕೋಣೆಯಲ್ಲಿ ಬರಿಯ ಹಲಗೆ ಉಳಿದದ್ದನ್ನು ಕಣ್ಣಾರೆ ನೋಡಿದ ನಂತರ ಅಧಿಕಾರಿಗಳು ಶಿಫಾರಸು ಬರೆದು ಸಹಿ ಮಾಡಿದರು.

ಮಳೆಯ ಹೊಡೆತ ಇಳಿಯುವಷ್ಟರಲ್ಲಿ ನವೀಕೃತ ಪರವಾನಗಿ ನನ್ನ ಕೈ ಸೇರಿತು. ಗಿರಣಿಯ ಕೀಲಿ ತ್ಯಾಗಲಿಯ ಆ ಹಿರಿಯ ಹೆಂಗಸಿನ ಬಳಿ ಇದೆ. ಮೊನ್ನೆ ಒಳಗೆ ಸೋರುತ್ತಿದೆಯೋ ಎಂದು ನೋಡಲು ಕೀಲಿ ಕೇಳಿದೆ. “ನಿಂಗೆ ಕೊಡಲೆ ಇಲ್ಲೆ, ಸಾಹೇಬ ಹೇಳಿದ್ದ” ಎಂದು ಅವರು ಸೊಂಟಕ್ಕೆ ಸಿಕ್ಕಿಸಿಕೊಂಡು, ತಾವೇ ಬಂದು ಬಾಗಿಲು ತೆರೆದು, ನನ್ನನ್ನು ಹೊರಗೆ ನಿಲ್ಲಿಸಿ ನೋಡಿಕೊಂಡು ಬಂದರು. ಸೋರುತ್ತಿರಲಿಲ್ಲ.