ಮೂರನೇ ಕಾಲಂ

ಸುದ್ದಗುಂಟೆಪಾಳ್ಯದ ಹತ್ತಿರ ನಮ್ಮ ಚರ್ಚ್ ನಡೆಸುವ ಸಣ್ಣ ಶಾಲೆಯ ಸಮಿತಿಯಲ್ಲಿ ನಾನಿದ್ದೆ. ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಬೇರೆಯವರ ವರದಿ ತಿದ್ದಿದವನೆಂದು ಸಭೆಗಳ ನಡಾವಳಿ ಬರೆಯುವ ಕೆಲಸ ನನಗೇ ಬಿದ್ದಿತ್ತು.

ಅಲ್ಲಿನ ಸಮಾಜ ವಿಜ್ಞಾನದ ಟೀಚರ್ ಒಂಬತ್ತನೇ ತರಗತಿಗೆ ಒಂದು ಕ್ರಮ ಹಾಕಿಕೊಟ್ಟಿದ್ದರು. ನೆರೆಯವರ ಯಾವ ಆಚರಣೆ ನೋಡಿದರೂ ಪುಟದಲ್ಲಿ ಮೂರು ಕಾಲಂ ಎಳೆಯಬೇಕು: ಕಂಡದ್ದು, ಅದರಲ್ಲಿ ಒಳ್ಳೆಯದು, ಕ್ರೈಸ್ತರಾಗಿ ನಾವು ಒಪ್ಪಲಾಗದ್ದು. ಮೊದಲೆರಡು ತುಂಬದೆ ಮೂರನೆಯದಕ್ಕೆ ಕೈ ಹಾಕುವಂತಿರಲಿಲ್ಲ.

ಆಯುಧಪೂಜೆಯ ದಿನ ಒಬ್ಬ ಹುಡುಗಿ ಆಟೋ ಸ್ಟ್ಯಾಂಡಿಗೆ ಹೋಗಿ ನೋಡಿ ಬರೆದಳು. ಕುಂಕುಮ ತುಂಬಿ ಒಡೆದ ಬೂದುಗುಂಬಳ, ಚಕ್ರದಡಿಯ ನಿಂಬೆಹಣ್ಣು ಮೊದಲ ಕಾಲಂನಲ್ಲಿದ್ದವು. ಅನ್ನ ಕೊಡುವ ಗಾಡಿಯನ್ನು ವರ್ಷಕ್ಕೊಮ್ಮೆ ನೆನೆಯುವುದು ಒಳ್ಳೆಯದು, ನಮ್ಮ ಸುಗ್ಗಿ ಹಬ್ಬದಲ್ಲೂ ಚರ್ಚಿನ ಆಲ್ಟರ್, ಅಂದರೆ ಬಲಿಪೀಠದ ಮುಂದೆ ಕುಂಬಳಕಾಯಿ ಇಡುತ್ತೇವೆ ಎಂದು ಎರಡನೆಯದರಲ್ಲಿತ್ತು. ಮೂರನೆಯದು ಚಿಕ್ಕದು: 'ನಾನು ಗಾಡಿಗೆ ಕೈಮುಗಿಯುವುದಿಲ್ಲ. ಅದನ್ನು ಕೊಟ್ಟವನಿಗೆ ಮುಗಿಯುತ್ತೇನೆ.'

ಅವಳ ತಂದೆ ಚರ್ಚಿನ ಹಿರಿಯರಲ್ಲೊಬ್ಬರು. ಮೊದಲೆರಡು ಕಾಲಂಗಳ ಫೋಟೋ ತೆಗೆದು ಚರ್ಚಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಸಂಜೆಯೊಳಗೆ ಟೀಚರನ್ನು ತೆಗೆಯಬೇಕೆಂಬ ಮಾತು ಬಂತು. ಸಮಿತಿ ಅವರನ್ನು ಕರೆಸಿತು.

"ಮೇಡಂ, ಮಕ್ಕಳನ್ನ ನಿಮ್ಮ ಹತ್ರ ಕಳಿಸೋದು ಕುಂಬಳಕಾಯಿ ಒಡೆಯೋದು ಕಲಿಯೋಕಾ?" ಎಂದು ಆ ತಂದೆ ಕೇಳಿದರು. ಇಬ್ಬರು ನಕ್ಕರು.

"ಪಕ್ಕದವರನ್ನ ನೋಡೋದು ಕಲಿಸ್ದೆ ಸಾರ್. ನೋಡ್ದೇನೇ ಬೇಡ ಅನ್ನೋದು ನಂಬಿಕೆ ಅಲ್ಲ, ಹೆದರಿಕೆ."

ಆಮೇಲೆ ಟೀಚರ್ ಹುಡುಗಿಯ ನೋಟ್‌ಬುಕ್ ತೆರೆದು ಮೂರನೇ ಕಾಲಂ ಓದಿದರು. ಅದು ಸಭೆಯ ಕೊನೆಯ ಮಾತು. ತೀರ್ಮಾನವನ್ನು ಚರ್ಚಿನ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ಮೇಲಿನ ಮಂಡಳಿಗೆ ಬಿಡಲಾಯಿತು.

ನಾನು ಒಂದು ಪುಟದಲ್ಲಿ ನಡಾವಳಿ ಬರೆದೆ. 'ಪೂಜೆ ನೋಡಲು ಮಕ್ಕಳನ್ನು ಕಳುಹಿಸಿದ್ದನ್ನು ಶಿಕ್ಷಕಿ ಒಪ್ಪಿಕೊಂಡರು.' ಇದು ನಿಜ. ಹುಡುಗಿಯ ಸಾಲುಗಳು ಕರಡಿನ ಕೊನೆಯಲ್ಲಿದ್ದವು, ಕತ್ತರಿಸಿದೆ. ವರದಿಯನ್ನು ಕೆಳಗಿನಿಂದ ಕತ್ತರಿಸುವುದು ಡೆಸ್ಕಿನ ಅಭ್ಯಾಸ, ಜಾಗ ಸಾಲದಿದ್ದಾಗ ಮಾಡುವುದು. ನಡಾವಳಿ ಪುಸ್ತಕದಲ್ಲಿ ಜಾಗ ಬೇಕಾದಷ್ಟಿತ್ತು.

ಮಂಡಳಿಯವರು ಟೀಚರನ್ನು ಕರೆಸಲಿಲ್ಲ, ನೋಟ್‌ಬುಕ್ಕನ್ನೂ ತರಿಸಲಿಲ್ಲ. ನನ್ನ ಪುಟ ಓದಿ ಅವರನ್ನು ಕೆಲಸದಿಂದ ತೆಗೆದರು.

ಕೊನೆಯ ದಿನ ಸ್ಟಾಫ್ ರೂಮಿನಲ್ಲಿ ಅವರು ಆ ಪುಟದ ಪ್ರತಿಯನ್ನು ಎರಡು ಸಲ ಓದಿದರು.

"ಇದ್ರಲ್ಲಿ ಸುಳ್ಳೇನಿಲ್ಲ ಸಾರ್. ಮೂರನೇ ಕಾಲಂ ಎಲ್ಲಿ?"

ಉದ್ದವಾಯಿತೆಂದು ಬಿಟ್ಟೆ ಎಂದೆ.

"ಆ ಹುಡುಗಿ ಅಪ್ಪ ಮಾಡಿದ್ದೂ ಅಷ್ಟೇ ಅಲ್ವಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನೋಟ್‌ಬುಕ್‌ಗಳನ್ನು ಮಕ್ಕಳಿಗೆ ಹಿಂತಿರುಗಿಸಿ ಎಂದು ಕಟ್ಟನ್ನು ನನ್ನ ಕೈಗಿಟ್ಟರು.

ಹುಡುಗಿಯ ಮನೆಯ ಬಾಗಿಲಲ್ಲಿ ಅವಳ ತಂದೆಯೇ ನೋಟ್‌ಬುಕ್ ತೆಗೆದುಕೊಂಡು, ಆ ಪುಟ ಹರಿದು, ಉಳಿದದ್ದನ್ನು ಮಗಳಿಗೆ ಕೊಟ್ಟರು. ಅವಳು ನನ್ನತ್ತ ನೋಡಲಿಲ್ಲ.

ಬಿಟ್ಟ ಸಾಲುಗಳನ್ನು ಸೇರಿಸಿ ಮಂಡಳಿಗೆ ತಿದ್ದುಪಡಿ ಕಳಿಸಿದೆ. ನಡಾವಳಿ ಈಗಾಗಲೇ ಅಂಗೀಕಾರವಾಗಿದೆ ಎಂದು ಒಂದು ಸಾಲಿನ ಪತ್ರ ಬಂತು. ಮುಂದಿನ ಸಭೆಯಲ್ಲಿ ಆ ಪತ್ರವನ್ನೂ ನಾನೇ ನಡಾವಳಿಗೆ ಸೇರಿಸಿದೆ. ಅದರಲ್ಲಿ ಕತ್ತರಿಸಲು ಏನೂ ಇರಲಿಲ್ಲ.