ಕುಂತೂರಿನ ರಸ್ತೆಯಲ್ಲಿ ಎತ್ತಿದ ಫೋನು

ಕೊಳ್ಳೇಗಾಲದ ಮೆಕ್ಯಾನಿಕ್ ನನ್ನ ಹೊಸ ಬೈಕಿನ ವೈರನ್ನು ಹಲ್ಲಿನಿಂದ ಕಚ್ಚಿ ಸುಲಿದು, ಸಿಪ್ಪೆಯನ್ನು ನನ್ನ ಕಾಲ ಬಳಿಯೇ ಉಗಿದ. ನಾನು ಈ ಊರಿಗೆ ಬಂದು ವಾರವೂ ಆಗಿರಲಿಲ್ಲ. ಫೋನ್ ಚಾರ್ಜ್ ಮಾಡುವ ಸಾಕೆಟ್ ಹಾಕಿಸಲು ಹೋಗಿದ್ದೆ. ನೇರ ಬ್ಯಾಟರಿಗೆ ಕೊಡಬೇಡಿ, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನಿನಿಂದ ತೆಗೆಯಿರಿ, ನಡುವೆ ಒಂದು ಫ್ಯೂಸ್ ಇರಲಿ ಎಂದೆ. ಆತ ಕೆಲಸ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಸಾ ಯಾವ್ ಕಡೆಯೋರು? ಮಾತಾಡುದ್ರೆ ಕಲ್ಲೆಸ್ದಂಗದೆ. ಬೈತಾವ್ರೋ ಕೇಳ್ತಾವ್ರೋ ಗೊತ್ತಾಗಕಿಲ್ಲ.”

ಅಂಗಡಿಯ ಮುಂದೆ ನಿಂತಿದ್ದವರೆಲ್ಲ ನಕ್ಕರು. ನಮ್ಮ ಇಂಡಿ ಕಡೆ ಹೊಸಬನ ಮುಖಕ್ಕೇ ಹೀಗೆ ನಗುವುದಿಲ್ಲ. ಚಹಾ ಕುಡಿಸಿ ಕಳಿಸಿ, ಆಮೇಲೆ ನಗುತ್ತೇವೆ. ಇವರದೇ ನೇರ ಎಂದು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಬೇಕಾಯಿತು.

ಹನಿ ನೀರಾವರಿ ಪೈಪು ಜೋಡಿಸುವ ಕಂಪನಿಯೊಂದು ನನ್ನನ್ನು ಇಲ್ಲಿಗೆ ಹಾಕಿತ್ತು. ವಾಸ ಕೊಳ್ಳೇಗಾಲದಲ್ಲಿ, ಒಂದು ದಿನ ಹನೂರಿನ ಹೊಲ, ಇನ್ನೊಂದು ದಿನ ಯಳಂದೂರಿನ ತೋಟ. ಬಾಡಿಗೆ ಮನೆ ಹುಡುಕುವಾಗ ನನ್ನ ಸಂಬಳವನ್ನು ಯಾರೂ ಕೇಳಲಿಲ್ಲ. “ಯಾವ್ ಜನ ನೀವು?” ಎಂದು ಎಲ್ಲರೂ ಕೇಳಿದರು. ಅದೊಂದು ಮಾತ್ರ ನಮ್ಮೂರಿನಂತೆಯೇ ಇದೆ. ಕೊನೆಗೆ ಸಿಕ್ಕ ಮನೆಯಲ್ಲಿ ಒಬ್ಬನೇ ಕೂತು ಮುದ್ದೆ ನುಂಗುವುದನ್ನು ಕಲಿತೆ. ರೊಟ್ಟಿ ಜಗಿದು ಬೆಳೆದವನಿಗೆ ಜಗಿಯದೆ ನುಂಗು ಎಂದರೆ ಗಂಟಲು ಒಪ್ಪುವುದಿಲ್ಲ. ಎದುರಿಗೆ ಯಾರಾದರೂ ಕೂತು ಉಂಡಿದ್ದರೆ ಸಲೀಸಾಗಿ ಇಳಿಯುತ್ತಿತ್ತೇನೋ.

ಹೆಂಡತಿ ಕಸ್ತೂರಿ ಊರಲ್ಲೇ ಇದ್ದಳು. ಅವಳನ್ನು ಕರೆಸಿಕೊಳ್ಳಬೇಕು ಎನ್ನುವುದೊಂದೇ ನನಗಿದ್ದ ಆಸೆ. ಅವಳಿಗೆ ಇದ್ದದ್ದು ಒಂದೇ ಹೆದರಿಕೆ. ಗುರುತಿಲ್ಲದ ಊರಲ್ಲಿ ನಾನು ಬೆಳಿಗ್ಗೆ ಬೈಕ್ ಹತ್ತಿ ಹೋದರೆ, ಏನಾದರೂ ಆದರೆ, ಅವಳು ಯಾರನ್ನು ಕೇಳಬೇಕು?

“ಯಾವಾಗ ಮಾಡಿದ್ರೂ ನೀವು ಫೋನ್ ಎತ್ತಬೇಕ್ರಿ,” ಎಂದಳು. “ಒಂದ್ ತಿಂಗಳು ನೋಡ್ತೀನಿ. ಎತ್ತಲಿಲ್ಲಂದ್ರ ನಾ ಆ ಊರಿಗೆ ಬರಂಗಿಲ್ಲ.”

ಸಾಕೆಟ್ ಹಾಕಿಸಿದ್ದು ಅದಕ್ಕೇ. ದಾರಿ ಗೊತ್ತಿಲ್ಲದವನು ದಿನವಿಡೀ ಮ್ಯಾಪ್ ಹಾಕಿಕೊಂಡು ತಿರುಗಿದರೆ ಮಧ್ಯಾಹ್ನಕ್ಕೇ ಫೋನ್ ಸಾಯುತ್ತದೆ. ಹ್ಯಾಂಡಲಿಗೆ ಫೋನ್ ಹಿಡಿಯುವ ಕ್ಲಾಂಪ್ ಹಾಕಿಸಿದೆ. ಅದುರದಂತೆ ಕೆಳಗೆ ರಬ್ಬರ್, ಮಳೆಗೆ ಕವರ್. ಹ್ಯಾಂಡಲ್ ತಿರುಗಿದಾಗ ಎಳೆಯದಂತೆ ವೈರನ್ನು ಸಡಿಲವಾಗಿ ಬಿಟ್ಟು ಕಟ್ಟಿಸಿದೆ. ಇಲ್ಲಿಯವರು ಕೆನ್ನೆಗೂ ಹೆಲ್ಮೆಟ್ಟಿಗೂ ನಡುವೆ ಫೋನ್ ತುರುಕಿಕೊಂಡು ಮಾತಾಡುತ್ತಲೇ ಹೋಗುತ್ತಾರೆ. ನಾನು ರಿಂಗಾದರೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಎತ್ತುತ್ತಿದ್ದೆ. ಬಿಳಿಗಿರಿರಂಗನ ಬೆಟ್ಟದ ಕಡೆ ಹೋಗುವಾಗ, ಸಿಗ್ನಲ್ ಹೋಗುತ್ತದೆ ಎಂದು ಮೊದಲೇ ಹೇಳಿ ಹೋಗುತ್ತಿದ್ದೆ. ಹನೂರಿನ ರೈತರು ನನ್ನನ್ನು ‘ಫೋನ್ ಸಾ’ ಎಂದು ಆಡಿಕೊಂಡರು. ಆಡಿಕೊಳ್ಳಲಿ ಬಿಡು ಎಂದುಕೊಂಡೆ. ತಿಂಗಳು ಕಳೆಯಿತು, ಕಸ್ತೂರಿ ಬರುತ್ತೇನೆ ಎಂದು ಪಾತ್ರೆ ಕಟ್ಟತೊಡಗಿದಳು.

ಆ ವಾರವೇ ಕುಂತೂರಿನ ಹತ್ತಿರ ಬಿದ್ದೆ. ಫೋನ್ ನೋಡುತ್ತಾ ಬೀಳಲಿಲ್ಲ. ಟ್ರ್ಯಾಕ್ಟರುಗಳಿಂದ ಉದುರಿದ ಕಬ್ಬು ಗಾಲಿಗಳ ಕೆಳಗೆ ಜಜ್ಜಿಹೋಗಿ ರಸ್ತೆ ಜಾರುತ್ತಿತ್ತು. ಹೆಲ್ಮೆಟ್ ನೆಲಕ್ಕೆ ಬಡಿದದ್ದಷ್ಟೇ ನನಗೆ ನೆನಪು, ಮುಂದಿನದು ಬೇರೆಯವರು ಹೇಳಿದ್ದು. ಓಡಿ ಬಂದ ಜನ ಮೊದಲು ಮೆಚ್ಚಿಕೊಂಡದ್ದು ಫೋನನ್ನಂತೆ. ಗಾಜಿಗೆ ಒಂದು ಗೀರೂ ಬಿದ್ದಿಲ್ಲ, ಇನ್ನೂ ಚಾರ್ಜ್ ಆಗುತ್ತಿದೆ ನೋಡಿ ಎಂದರಂತೆ. ಅಷ್ಟರಲ್ಲಿ ಅದು ರಿಂಗಾಯಿತು. ಕಬ್ಬು ಕಡಿಯುವ ಸಿದ್ದರಾಜು ಎತ್ತಿದ. ನನ್ನ ಮೂಗು ಬಾಯಿಂದ ಸೋರುತ್ತಿದ್ದ ರಕ್ತ ನೋಡಿ ಆತ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಕರೆ ಮಾಡಿದ್ದವಳು ಕಸ್ತೂರಿ. ಇವರು ಎಲ್ಲಿ, ಏನಾಯಿತು ಎಂದು ಕೇಳಿದಳು.

“ಓಗ್ಬುಟ್ರು ಕಣವ್ವ. ಉಸ್ರಿಲ್ಲ,” ಎಂದ.

ಉಸಿರಿತ್ತು. ಕತ್ತಲಾಗುವ ಹೊತ್ತಿಗೆ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಎಚ್ಚರವಾಯಿತು. ಭುಜದ ಮೂಳೆಯೂ ಒಂದು ಕಾಲೂ ಮುರಿದಿದ್ದವು. ಸಿದ್ದರಾಜು ನನ್ನ ಫೋನ್ ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದ. ಲಾಕ್ ಆದ ಫೋನು. ಬಂದ ಕರೆಯನ್ನು ಎತ್ತಬಹುದು, ತಿರುಗಿ ಮಾಡಲು ಆತನಿಂದ ಆಗದು. ನಾನೇ ಕಸ್ತೂರಿಯ ನಂಬರಿಗೆ ಮಾಡಿದೆ. ಎತ್ತಿದವನು ನನ್ನ ಅಣ್ಣ. ನನ್ನ ದನಿ ಕೇಳಿ ಫೋನನ್ನು ಕೆಳಗೆ ಬೀಳಿಸಿದ. ಹಿಂದೆ ಹೆಂಗಸರು ನನ್ನ ಹೆಸರು ಹಿಡಿದು ಹಾಡಿಕೊಂಡು ಅಳುವುದು ಕೇಳಿಸುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಇದ್ದಷ್ಟು ದಿನವೂ ಸಿದ್ದರಾಜು ಮುದ್ದೆ, ಸೊಪ್ಪಿನ ಸಾರು ಹೊತ್ತು ತಂದ.

“ಸಾಯ್ಸಿದೋನೂ ನಾನೇಯ, ಉಣ್ಸೋನೂ ನಾನೇಯ. ಉಣ್ಣಿ ಸಾ.”

ನನಗೆ ನಗು ಬಂತು. ನಕ್ಕರೆ ಭುಜ ಪ್ರಾಣ ಹಿಂಡುತ್ತಿತ್ತು.

ಅಣ್ಣನ ಜೊತೆ ಕಸ್ತೂರಿ ಬಂದಳು. ಎರಡೂ ಕೈ ಬರಿದು, ಮುಂಗೈಯಲ್ಲಿ ಗಾಜು ಗೀರಿದ ಗಾಯ. ಹೆಣ ಬರುವವರೆಗೂ ಕಾಯದೆ ನನ್ನ ಅವ್ವನೂ ದೊಡ್ಡವ್ವನೂ ಅವಳ ಬಳೆ ಒಡೆದಿದ್ದರು. ಒಂದ್ಸಲ ತಿರುಗಿ ಫೋನ್ ಹಚ್ರಿ ಎಂದು ಅವಳು ಬಡಿದುಕೊಂಡಳಂತೆ. ಸತ್ತವನ ಫೋನಿಗೆ ಯಾರು ಹಚ್ಚುತ್ತಾರೆ ಎಂದು ಅವಳ ಫೋನನ್ನೂ ಕಸಿದುಕೊಂಡರಂತೆ. ಅಷ್ಟು ಹೊತ್ತೂ ನನ್ನ ಫೋನ್ ಸಿದ್ದರಾಜುವಿನ ಅಂಗೈಯಲ್ಲಿ ಚಾರ್ಜ್ ತುಂಬಿಕೊಂಡು ಕೂತಿತ್ತು. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೆ. ಅಳಲು ಇಡೀ ಓಣಿ ಸೇರಿತ್ತು, ಕೇಳಿ ನೋಡಲು ಒಬ್ಬರೂ ಇರಲಿಲ್ಲ.

“ಅವತ್ತ ಮಾತಾಡಿದವ್ರು ನೀವೇನ್ರಿ?” ಎಂದು ಕಸ್ತೂರಿ ಸಿದ್ದರಾಜುವನ್ನು ಕೇಳಿದಳು.

“ಊಂ ಕಣವ್ವ. ಎದ್ರುಕಂಡ್ಬುಟ್ಟೆ.”

“ತಪ್ಪು ಹೇಳಿದ್ರಿ. ಆದ್ರ ಇವರನ್ನ ಬಿಟ್ಟು ಹೋಗಲಿಲ್ಲ,” ಎಂದು ಅವನ ಕೈಯಿಂದ ತಟ್ಟೆ ತೆಗೆದುಕೊಂಡು ನನಗೆ ಉಣಿಸಲು ಕೂತಳು.

ಊರಿಗೆ ನಡಿ, ಹೊಸ ಬಳೆ ಇಡಿಸುತ್ತೇವೆ ಎಂದ ಅಣ್ಣ. ಅವಳು ತಿರುಗಿಯೂ ನೋಡಲಿಲ್ಲ.

“ಆ ಮನ್ಯಾಗ ನನ್ನ ಗಂಡ ಸತ್ತಾನ. ನಾ ಅಲ್ಲಿಗೆ ಬರಂಗಿಲ್ಲ.”

ಅಂದಿನಿಂದ ಇಲ್ಲೇ ಇದ್ದಾಳೆ. ಬಳೆ ಇಟ್ಟಿಲ್ಲ. ಹಾಗೆಂದು ಈ ಊರಿನವರು ಒಳ್ಳೆಯವರು ಎಂದು ನಾನು ಹೇಳುತ್ತಿಲ್ಲ. ನಾನು ಕುಂಟುತ್ತಾ ಅಂಗಳದಲ್ಲಿ ಓಡಾಡುವುದನ್ನು ನೋಡಿಯೂ, ಬರಿಗೈಯವಳು ಎಂದು ಬೀದಿಯ ಹೆಂಗಸರು ಅವಳನ್ನು ಅರಿಶಿನ ಕುಂಕುಮಕ್ಕೆ ಕರೆಯುವುದಿಲ್ಲ. ಅವಳಿಗೆ ಅದರ ಬೇಸರವಿಲ್ಲ, ನನಗೆ ಇದೆ. ನನ್ನ ಬೈಕಿನಲ್ಲಿ ದೂರದ ಒಡೆಯರಪಾಳ್ಯದವರೆಗೂ ಬರುತ್ತಾಳೆ, ಇಂಡಿಯ ಬಸ್ ಮಾತ್ರ ಹತ್ತುವುದಿಲ್ಲ.

ನಮ್ಮೂರಿನ ಓಣಿಯವರೇ, ಹಬ್ಬಕ್ಕೆ ನಿಮ್ಮಲ್ಲಿಗೆ ನಾನೊಬ್ಬನೇ ಬರುತ್ತೇನೆ. ರೊಟ್ಟಿ ಬಾಯಿಗಿಟ್ಟಾಗ ಇದೇ ನನ್ನ ಮನೆ ಅನ್ನಿಸುತ್ತದೆ. ಬಡಿಸುವ ಅವ್ವನ ಕೈ ನೋಡಿದರೆ ಅನ್ನಿಸುವುದಿಲ್ಲ. ಹೊರಡುವಾಗ ಅವ್ವ ಹಸಿರು ಬಳೆಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೊಡುತ್ತಾಳೆ. ಅವನ್ನು ತಂದು ಸಿದ್ದರಾಜುವಿನ ಹೆಂಡತಿಗೆ ಕೊಡುತ್ತೇನೆ. ಹೋದ ಸಲದ ಬಳೆ ಕಸ್ತೂರಿ ಇಟ್ಟುಕೊಂಡಳೇನು ಎಂದು ಅವ್ವ ಕೇಳಿದರೆ, ಕೈ ತುಂಬ ಇಟ್ಟುಕೊಂಡಿದ್ದಾಳೆ ಅನ್ನುತ್ತೇನೆ. ಅವ್ವನಿಗೆ ಓದು ಬಾರದು. ನಿಮ್ಮಲ್ಲಿ ಯಾರಾದರೂ ಇದನ್ನು ಅವಳಿಗೆ ಓದಿ ಹೇಳುವುದಿದ್ದರೆ ಹೇಳಿರಿ. ನನ್ನ ಬಾಯಿಂದ ಆಗುವುದಿಲ್ಲ.