ಸೋಸಿದ ಸೂಪು

ತೂಕ ಇಳಿಸೋಕೆ ಆಪರೇಷನ್ ಮಾಡಿಸಿ ಹೊಟ್ಟೆ ಚಿಕ್ಕದು ಮಾಡಿಸಿಕೊಂಡ ವಿಷಯ ನನ್ನನ್ನೂ ಗಂಡನನ್ನೂ ಬಿಟ್ಟು ಮೂರನೆಯವರಿಗೆ ಗೊತ್ತಾಗಬಾರದು ಅಂತ ಮೊದಲೇ ಮಾತಾಗಿತ್ತು. ದಪ್ಪ ಇದ್ದಾಗ ಆಡಿಕೊಂಡವರೇ ಈಗ ಇದನ್ನೂ ಆಡಿಕೊಳ್ಳೋದು ನನಗೆ ಬೇಕಿರಲಿಲ್ಲ. ಕೇಳಿದವರಿಗೆಲ್ಲ ಪಿತ್ತಕೋಶದ ಕಲ್ಲು ತೆಗೆಸಿದ್ದು ಅಂದೆವು. ಹೊರಮಾವಿನ ನಮ್ಮ ಫ್ಲ್ಯಾಟಿಗೆ ನೋಡೋಕೆ ಬಂದವರು ಬ್ರೆಡ್ಡು, ಬಿಸ್ಕತ್ತು, ಸೇಬು ತಂದರು. ಆಮೇಲೆ ತಿಂತೀನಿ ಅಂತ ಎಲ್ಲವನ್ನೂ ತೆಗೆದಿಟ್ಟೆ. ಅವರು ಹೋದ ಮೇಲೆ ಗಂಜಿಯ ತಿಳಿಯನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದೆ. ಒಂದು ಗುಟುಕು ಹೆಚ್ಚಾದರೂ ಎದೆ ಹಿಡಿದುಕೊಳ್ಳುತ್ತಿತ್ತು.

ಒಂದು ಭಾನುವಾರ ಮಹದೇವಪುರದಿಂದ ಗಂಡನ ಸೋದರತ್ತೆ ಬಂದರು. ಕೈಯಲ್ಲಿ ಹಣ್ಣಿರಲಿಲ್ಲ, ಫ್ಲಾಸ್ಕಿತ್ತು. ಶಿವಾಜಿನಗರದಿಂದ ಮಟನ್ ಕಾಲು ತರಿಸಿ ಸೂಪು ಮಾಡಿ, ಬಟ್ಟೆಯಲ್ಲಿ ಸೋಸಿಕೊಂಡು ತಂದಿದ್ದರು. ಅದನ್ನು ಕೆಮ್ಮಿನ ಔಷಧಿಯ ಮುಚ್ಚಳಕ್ಕೆ ಬಗ್ಗಿಸಿ ನನ್ನ ಮುಂದೆ ಹಿಡಿದರು.

“ಒಂದೇ ಸಲ ಕುಡೀಬೇಡಮ್ಮಾ, ನಾಲಿಗೆ ಒದ್ದೆ ಆದ್ರೆ ಸಾಕು,” ಅಂದರು.

ಕಲ್ಲು ತೆಗೆಸಿದವರಿಗೆ ಯಾರೂ ಮುಚ್ಚಳದಲ್ಲಿ ಸೂಪು ಕೊಡಲ್ಲ. ಗಂಡನ ಮುಖ ನೋಡಿದೆ. ಅವನು ನನಗೆ ಬಂದಿದ್ದ ಸೇಬನ್ನು ತಿನ್ನುತ್ತಾ ಟಿವಿ ಕಡೆ ತಿರುಗಿಕೊಂಡ.

ಅತ್ತೆ ಹೋದ ಮೇಲೆ, “ಯಾರ್ಯಾರಿಗೆ ಹೇಳಿದೀಯ?” ಅಂತ ಕೇಳಿದೆ.

“ಅವರೊಬ್ಬರಿಗೇ ಕಣೇ. ನಿಂಗೆ ಏನು ಕೊಡ್ಬೇಕು ಅಂತ ಗೊತ್ತಿರ್ಲಿ ಅಂತ. ನಿನ್ನಾಣೆ.”

ಸಂಜೆ ಬೆಲ್ ಆಯ್ತು. ಎದುರು ಫ್ಲ್ಯಾಟಿನವರು ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಫ್ಲಾಸ್ಕು.